ಮುಟುವಾಗೆ ಹೇಳಬೇಕಾದ ಮಾತು

ಕ್ಯಾರವಾನಿನ ಚಾವಣಿ ಸೋರಿದ್ದು ನೈವಾಶಾದಲ್ಲಿ. ಬೆಳಗ್ಗೆ ಎದ್ದು ನೋಡಿದರೆ ಉಷಾ ಮಲಗಿದ್ದ ಕಡೆಯ ಹಾಸಿಗೆ ಅಂಚಿನುದ್ದಕ್ಕೂ ಒದ್ದೆಯಾಗಿತ್ತು. ಕಿಟಕಿಯ ಬಳಿ ಇಟ್ಟಿದ್ದ ಅವಲಕ್ಕಿ ಪೊಟ್ಟಣ ನೆನೆದು ಮುದ್ದೆಯಾಗಿತ್ತು. ಹದಿನಾಲ್ಕು ವರ್ಷ ನೈರೋಬಿಯಲ್ಲಿದ್ದು, ಮುಂದಿನ ತಿಂಗಳು ಗಂಟುಮೂಟೆ ಕಟ್ಟಿಕೊಂಡು ಮೈಸೂರಿಗೆ ಹೊರಡುವವರು ಅವರು. ಹೊರಡುವ ಮೊದಲು ಒಂದು ಸಲವಾದರೂ ಈ ದೇಶವನ್ನು ನೆಟ್ಟಗೆ ನೋಡಿಬಿಡೋಣ ಎಂದು ಉಷಾಳ ಗಂಡ ದ್ವಾರಕಾನಾಥ್ ಹಟ ಹಿಡಿದು ಆ ಗಾಡಿಯನ್ನು ಬಾಡಿಗೆಗೆ ತಂದಿದ್ದರು. ತಮ್ಮ ಪ್ರಾಡೊ ಕಾರಿನ ಹಿಂದೆ ಸಿಕ್ಕಿಸಿಕೊಂಡು ಎಳೆದೊಯ್ಯುವ ಪುಟ್ಟ ಮನೆ. ಎರಡು ಹಾಸಿಗೆ, ಒಂದು ಒಲೆ, ಮಡಚುವ ಮೇಜು. ನಕುರು, ನೈವಾಶಾ ಮುಗಿಸಿ, ನೈರೋಬಿ ದಾಟಿ ಅಂಬೋಸೆಲಿ ಅಭಯಾರಣ್ಯಕ್ಕೆ ಹೋಗುವುದೆಂದು ಲೆಕ್ಕ ಹಾಕಿದ್ದರು.

ಬಾಡಿಗೆ ಕೊಟ್ಟವನಿಗೆ ಫೋನ್ ಮಾಡಿದಾಗ ಅವನು ಸಂಕೋಚಪಟ್ಟುಕೊಂಡ. "ಪೋಲೆ ಸಾನಾ, ಕ್ಷಮಿಸಿ ಮೇಡಂ. ಹೇಗೂ ಮೊಂಬಾಸಾ ರೋಡಿನಲ್ಲೇ ಹೋಗುತ್ತೀರಿ. ಅದನ್ನು ಕಟ್ಟಿದ ಕಾರ್ಖಾನೆ ಅಲ್ಲೇ ಇದೆ. ಅರ್ಧ ದಿನದಲ್ಲಿ ಸರಿ ಮಾಡಿಕೊಡುತ್ತಾರೆ. ಅಲ್ಲಿಯ ತನಕ ಒಳಗೆಲ್ಲ ಸುತ್ತಿ ನೋಡಬಹುದು, ಹೋದವರಿಗೆಲ್ಲ ತೋರಿಸುತ್ತಾರೆ" ಎಂದ.

"ಫ್ಯಾಕ್ಟರಿ ಟೂರ್! ಪ್ಲೀಸ್ ಅಪ್ಪ, ಲೆಟ್ಸ್ ಗೋ" ಎಂದು ವರ್ಷಿಣಿ ಹಿಂದಿನ ಸೀಟಿನಿಂದ ಕುಣಿದಳು. ಹದಿನೆಂಟು ತುಂಬಿದ ಹುಡುಗಿ, ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಸ್ಯೋಕಿಮಾವು ದಾಟಿ, ಗೋಡೌನುಗಳ ಹಿಂದಿನ ಮಣ್ಣುರಸ್ತೆಯಲ್ಲಿ ಕಾರ್ಖಾನೆ ಸಿಕ್ಕಿತು. ಉದ್ದನೆಯ ತಗಡಿನ ಶೆಡ್ಡುಗಳು, ಅಂಗಳದಲ್ಲಿ ಇನ್ನೂ ಚಕ್ರವಿಲ್ಲದ ನಾಲ್ಕೈದು ಬಿಳಿ ಡಬ್ಬಿಗಳು. ಗೇಟು ಕಾಯುವ ಅಸ್ಕಾರಿ ಒಳಗೆ ಬಿಟ್ಟ. ಶೆಡ್ಡಿನಿಂದ ಒಬ್ಬರು ಕೈಯನ್ನು ಬಟ್ಟೆಯ ಚೂರಿಗೆ ಒರೆಸಿಕೊಳ್ಳುತ್ತ ಬಂದರು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಆ ನಡಿಗೆಯನ್ನು ನೋಡಿಯೇ ಉಷಾಗೆ ಯಾರೆಂದು ತಿಳಿಯಿತು. ಪಕ್ಕದಲ್ಲಿ ದ್ವಾರಕಾನಾಥ್ ಇಂಜಿನ್ ಆರಿಸಿದವರು ಸ್ಟೀರಿಂಗ್ ಬಿಡಲೇ ಇಲ್ಲ.

"ಡೆಂಜಿಲ್ ಅಂಕಲ್!" ಎಂದು ವರ್ಷಿಣಿ ಬಾಗಿಲು ತೆರೆದು ಓಡಿದಳು.

ಡೆಂಜಿಲ್ ಒಂದು ಗಳಿಗೆ ನಿಂತು ನೋಡಿದರು. ಆಮೇಲೆ ಹುಡುಗಿಯ ತಲೆ ಸವರಿ, "ಎಂಥ ಮಾರಾಯ್ತಿ, ಇಷ್ಟು ಎತ್ತರ ಆದದ್ದು ಯಾವಾಗ?" ಎಂದರು. ಕಾರಿನ ಹತ್ತಿರ ಬಂದು, "ಬನ್ನಿ ಸರ್, ಬನ್ನಿ ಅಕ್ಕ. ಎಲ್ಲಿ ಸೋರುವುದು ಹೇಳಿ, ಹುಡುಗರಿಗೆ ತೋರಿಸುವ" ಎಂದರು. ಬೇರೆ ಗಿರಾಕಿ ಬಂದಿದ್ದರೂ ಅಷ್ಟೇ ಮಾತು ಆಡುತ್ತಿದ್ದರೇನೋ.

ಐದು ವರ್ಷದ ಹಿಂದೆ ಇಬ್ಬರೂ ಇಂಡಸ್ಟ್ರಿಯಲ್ ಏರಿಯಾದ ಒಂದು ಔಷಧಿ ಕಾರ್ಖಾನೆಯಲ್ಲಿದ್ದರು. ದ್ವಾರಕಾನಾಥ್ ಪ್ರೊಡಕ್ಷನ್ ಮ್ಯಾನೇಜರ್, ಡೆಂಜಿಲ್ ಮೇಂಟೆನೆನ್ಸ್ ಸೂಪರ್‌ವೈಸರ್. ಎರಡೂ ಸಂಸಾರ ಸೌತ್ ಸಿ ಬಡಾವಣೆಯ ಒಂದೇ ಕಾಂಪೌಂಡಿನಲ್ಲಿ, ಮೇಲೆ ಕೆಳಗೆ. ಹೊಸದಾಗಿ ಬಂದ ಉಷಾಳನ್ನು ಎನ್‌ಗಾರಾ ಮಾರ್ಕೆಟ್ಟಿಗೆ ಕರೆದುಕೊಂಡು ಹೋಗಿ, ಯಾರ ಹತ್ತಿರ ಕೊತ್ತಂಬರಿ ತಾಜಾ, ಯಾರ ಹತ್ತಿರ ಚೌಕಾಸಿ ಮಾಡಬಾರದು ಎಂದು ಕಲಿಸಿದವಳು ಡೆಂಜಿಲ್‌ನ ಹೆಂಡತಿ ಹಿಲ್ಡಾ. ಅವಳ ಮಗ ಪ್ರೀತಮ್, ವರ್ಷಿಣಿಗಿಂತ ಒಂದು ವರ್ಷ ಚಿಕ್ಕವನು. ಭಾನುವಾರ ಚರ್ಚಿನಿಂದ ಬಂದವಳೇ ಹಿಲ್ಡಾ ನೀರುದೋಸೆ ಹುಯ್ಯುತ್ತಿದ್ದಳು. ಇಬ್ಬರೂ ಮಕ್ಕಳು ಒಂದೇ ತಟ್ಟೆಯಲ್ಲಿ ಕಿತ್ತಾಡಿಕೊಂಡು ತಿನ್ನುತ್ತಿದ್ದರು.

ಒಂದು ಶನಿವಾರ, ಸಿರಪ್ ಕುದಿಸುವ ಹಳೆಯ ಪಾತ್ರೆಯ ಬೆಸುಗೆ ಬಿಟ್ಟಿತ್ತು. ಡೆಂಜಿಲ್ ಕೂತು ಬೆಸೆದರು. ನೀರು ತುಂಬಿಸಿ ಒತ್ತಡ ಕೊಟ್ಟು ಪರೀಕ್ಷೆ ಮಾಡದೆ ಸ್ಟೀಮ್ ಬಿಡುವುದು ಬೇಡ ಎಂದರು. ಸೋಮವಾರ ಬೆಳಗ್ಗೆ ದೊಡ್ಡ ಆರ್ಡರ್ ಹೊರಡಬೇಕಿತ್ತು. "ಪರೀಕ್ಷೆ ಆಮೇಲೆ ನೋಡ್ಕೊಳೋಣ, ಈಗ ಶುರು ಮಾಡಿ" ಎಂದವರು ದ್ವಾರಕಾನಾಥ್. ಅರ್ಧ ಗಂಟೆಯಲ್ಲಿ ಬೆಸುಗೆ ಸಿಡಿಯಿತು. ಹತ್ತಿರ ನಿಂತಿದ್ದ ಮುಟುವಾ ಎಂಬ ಕೆಲಸಗಾರನ ಕುತ್ತಿಗೆಯಿಂದ ಮೊಣಕೈವರೆಗೆ ಚರ್ಮ ಸುಲಿದು ಬಂತು.

ಮರುದಿನ ಮಧ್ಯಾಹ್ನ ದ್ವಾರಕಾನಾಥ್ ಊಟದ ಮೇಜಿನ ಮುಂದೆ ಕುಳಿತು ನಡೆದದ್ದನ್ನು ನಡೆದ ಹಾಗೆ ಒಂದು ಹಾಳೆಯಲ್ಲಿ ಬರೆದರು. ಅದನ್ನು ಉಷಾ ಓದಿದಳು. "ಇದನ್ನ ಕೊಟ್ರೆ ಏನಾಗತ್ತೆ ಗೊತ್ತೇನ್ರೀ? ಕೆಲಸ ಹೋಯ್ತು ಅಂದ್ರೆ ಈ ದೇಶದಲ್ಲಿರೋ ಪರ್ಮಿಟ್ ಹೋಯ್ತು. ಮಗು ಸ್ಕೂಲು ಅರ್ಧಕ್ಕೆ ಬಿಡಿಸಿ ಎಲ್ಲಿಗೆ ಕರ್ಕೊಂಡು ಹೋಗ್ತೀರಾ?" ಎಂದಳು. ಅವರು ತಲೆ ಎತ್ತಲಿಲ್ಲ. "ಡೆಂಜಿಲ್‌ಗೇನು, ಕೈಯಲ್ಲಿ ಕಸುಬಿದೆ. ಎಲ್ಲಿ ಹೋದ್ರೂ ಬದುಕ್ತಾರೆ. ಪರೀಕ್ಷೆ ಆಗಿದೆ ಅಂತ ಅವರೇ ಹೇಳಿದ್ರು ಅಂತ ಬರೀರಿ. ಒಂದೇ ಒಂದು ಲೈನು" ಎಂದಳು. ಹಾಳೆಯನ್ನು ಅವಳೇ ಮಡಚಿ ಒಲೆಗೆ ಹಾಕಿದಳು. ಅವರು ಇನ್ನೊಂದು ಹಾಳೆ ತೆಗೆದುಕೊಂಡರು.

ಡೆಂಜಿಲ್ ಕೆಲಸ ಹೋಯಿತು. ಮೂರು ತಿಂಗಳಲ್ಲಿ ಅವರಿದ್ದ ಕೆಳಗಿನ ಮನೆ ಖಾಲಿಯಾಯಿತು. ಸಾಮಾನಿನ ಲಾರಿ ಬಂದ ದಿನ ಉಷಾ ಅಡುಗೆಮನೆಯ ಪರದೆಯ ಹಿಂದೆ ನಿಂತಿದ್ದಳು, ಕೆಳಗೆ ಇಳಿಯಲಿಲ್ಲ.

ಈಗ ಅದೇ ಡೆಂಜಿಲ್ ಮುಂದೆ ಮುಂದೆ ನಡೆದು ಕಾರ್ಖಾನೆ ತೋರಿಸುತ್ತಿದ್ದರು. ಮೊದಲ ಶೆಡ್ಡಿನಲ್ಲಿ ಕಬ್ಬಿಣದ ಚಾಸಿಗಳು, ಏಣಿಗಳನ್ನು ಮಲಗಿಸಿಟ್ಟ ಹಾಗೆ. ಬೆಸುಗೆಯ ಕಿಡಿ ಹಾರುತ್ತಿತ್ತು. ಮುಂದಿನದರಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಮಧ್ಯೆ ಬಿಳಿಯ ಫೋಮ್ ಹಲಗೆ ತುಂಬಿ, ಹೊರಗಿನಿಂದ ಅಲ್ಯೂಮಿನಿಯಂ ತಗಡು ಹೊದಿಸುತ್ತಿದ್ದರು. ಗೋಡೆಯೊಳಗೆ ವೈರು ಎಲ್ಲಿ ಓಡುತ್ತದೆ, ನೀರಿನ ಟ್ಯಾಂಕು ಯಾಕೆ ಚಕ್ರದ ಮೇಲೇ ಬರಬೇಕು ಎಂದು ವರ್ಷಿಣಿ ಕೇಳಿದ್ದಕ್ಕೆಲ್ಲ ಡೆಂಜಿಲ್ ಸಮಾಧಾನವಾಗಿ ಹೇಳಿದರು. ಅಲ್ಲಿಯ ಕೆಲಸಗಾರರು, ಫುಂಡಿಗಳು, ಅವರನ್ನು ಕಂಡು "ಮ್ಜೀ" ಎಂದು ಕರೆದು ಕೈ ಎತ್ತುತ್ತಿದ್ದರು. ಹಿರಿಯರನ್ನು ಕರೆಯುವ ಮಾತು ಅದು.

"ನೋಡು, ಚೆನ್ನಾಗೇ ಇದಾರಲ್ಲ" ಎಂದು ದ್ವಾರಕಾನಾಥ್ ಮೆಲ್ಲಗೆ ಹೇಳಿದರು. ಉಷಾಗೂ ಹಾಗೆಯೇ ಅನ್ನಿಸತೊಡಗಿತ್ತು. ಎಲ್ಲಿ ಹೋದರೂ ಬದುಕುತ್ತಾರೆ ಎಂದು ತಾನು ಹೇಳಿರಲಿಲ್ಲವೇ? ಎದೆಯ ಭಾರ ಒಂದಿಷ್ಟು ಇಳಿದು, ಅವಳೂ ಒಂದೆರಡು ಪ್ರಶ್ನೆ ಕೇಳಿದಳು.

ಕೊನೆಯ ಶೆಡ್ಡಿನಲ್ಲಿ ಸಿದ್ಧವಾದ ಗಾಡಿಯೊಂದನ್ನು ನಿಲ್ಲಿಸಿ ನಾಲ್ಕೂ ಕಡೆಯಿಂದ ಪೈಪಿನಲ್ಲಿ ನೀರು ಚಿಮ್ಮಿಸುತ್ತಿದ್ದರು. ಒಳಗೆ ಒಬ್ಬ ಟಾರ್ಚ್ ಹಿಡಿದು ಮೂಲೆ ಮೂಲೆ ನೋಡುತ್ತಿದ್ದ.

"ಇದು ಎಷ್ಟು ಹೊತ್ತು, ಅಂಕಲ್?"

"ಮುಕ್ಕಾಲು ಗಂಟೆ. ಓನರೇ ಬಂದು ಅರ್ಜೆಂಟ್ ಅಂತ ಹೇಳಿದರೂ ಇದು ಆಗದೆ ಗೇಟು ದಾಟುವುದಿಲ್ಲ." ಡೆಂಜಿಲ್ ಗಾಡಿಯನ್ನೇ ನೋಡುತ್ತಿದ್ದರು. "ನಿಮ್ಮದು ನನ್ನ ಕೈಯಿಂದಲೇ ಹೋದದ್ದು. ಮಧ್ಯೆ ಯಾರೋ ಮೇಲೆ ಹತ್ತಿ ಸೀಲ್ ಹಾಳು ಮಾಡಿದ್ದಾರೆ."

ಅವರು ಚುಚ್ಚಿ ಆಡಿದ್ದಲ್ಲ. ಕೆಲಸದ ಮಾತು ಅಷ್ಟೇ. ಆದರೂ ದ್ವಾರಕಾನಾಥ್ ಮುಖ ಸುಣ್ಣದಂತಾಯಿತು. "ಡೆಂಜಿಲ್, ನಿಮ್ಮ ಹತ್ರ ಎರಡು ನಿಮಿಷ ಮಾತಾಡ್ಬೇಕಿತ್ತು" ಎಂದರು.

ಡೆಂಜಿಲ್ ಉಷಾ ಕಡೆ ತಿರುಗಿ, "ಅಕ್ಕ, ಆಚೆ ಹೊಲಿಗೆ ಸೆಕ್ಷನ್ ಉಂಟು. ಹಿಲ್ಡಾ ಅಲ್ಲೇ ಇರುವುದು. ಹೋಗಿ ನೋಡಿ" ಎಂದರು.

ಹೊಲಿಗೆಯ ಕೋಣೆಯಲ್ಲಿ ಆರು ಮೆಷಿನ್ನುಗಳು ಒಟ್ಟಿಗೆ ಓಡುತ್ತಿದ್ದವು. ಹಾಸಿಗೆಯ ಗವಸು, ಸೀಟಿನ ಹೊದಿಕೆ, ಪರದೆ. ಹಿಲ್ಡಾ ಉದ್ದದ ಮೇಜಿನ ಮೇಲೆ ನೀಲಿ ರೆಕ್ಸಿನ್ ಹಾಸಿ ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆಯುತ್ತಿದ್ದಳು. ಉಷಾಳನ್ನು ಕಂಡು ಗೆರೆಯನ್ನು ಪೂರ್ತಿ ಮಾಡಿ, ಬಿಲ್ಲೆ ಕೆಳಗಿಟ್ಟಳು. ಆಮೇಲೆ ಬಂದು ಎರಡೂ ಕೈ ಹಿಡಿದುಕೊಂಡಳು.

"ಉಷಕ್ಕ. ದಪ್ಪ ಆಗಿದ್ದೀರಿ."

"ನೀನು ಸಣ್ಣ ಆಗಿದೀಯ."

ಇಬ್ಬರೂ ನಕ್ಕರು. ವರ್ಷಿಣಿಯನ್ನು ಒಬ್ಬ ಹೆಂಗಸು ಮೆಷಿನ್ ತುಳಿಯಲು ಕೂರಿಸಿದಳು. ಹಿಲ್ಡಾ ಉಷಾಳನ್ನು ಹಿಂದಿನ ಜಗಲಿಗೆ ಕರೆದೊಯ್ದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿದಳು, ಎಣ್ಣೆಯಲ್ಲಿ ಕರಿದ ಮಂದಾಜಿಯ ತಟ್ಟೆ ಮುಂದಿಟ್ಟಳು.

"ಪ್ರೀತಮ್ ಎಲ್ಲಿ? ಕಾಲೇಜಾ?"

"ಮಂಗಳೂರಲ್ಲಿ. ಅಮ್ಮನ ಹತ್ತಿರ." ಹಿಲ್ಡಾ ತನ್ನ ಲೋಟ ತೆಗೆದುಕೊಂಡಳು. "ಇವರಿಗೆ ಹನ್ನೊಂದು ತಿಂಗಳು ಕೆಲಸ ಸಿಗಲಿಲ್ಲ ಅಕ್ಕ. ಯಾವ ಫ್ಯಾಕ್ಟರಿಗೆ ಹೋದರೂ, ನೀವೇ ಅಲ್ವಾ ಟೆಸ್ಟ್ ಮಾಡಿದ್ದೇನೆ ಅಂತ ಸುಳ್ಳು ಹೇಳಿದ್ದು, ಅಂತ ಕೇಳುವುದು. ಮಗನನ್ನು ಊರಿಗೆ ಕಳಿಸಿದೆವು. ಒಂದು ವರ್ಷಕ್ಕೆ ಅಂತ. ಮಟಾಟು ವ್ಯಾನಿನ ಬಾಡಿ ಕಟ್ಟುವ ಒಬ್ಬರು ಸರ್ದಾರ್‌ಜಿ ನನ್ನನ್ನು ಸೀಟು ಹೊಲಿಯುವುದಕ್ಕೆ ಇಟ್ಟುಕೊಂಡರು. ಪರ್ಮಿಟ್ಟೂ ಅವರೇ ಮಾಡಿಸಿ ಕೊಟ್ಟರು. ಆಮೇಲೆ ಇವರನ್ನೂ ಕರೆದರು. ಈ ಕಾರ್ಖಾನೆ ಅವರ ಅಳಿಯನದ್ದು."

"ಮತ್ತೆ ಪ್ರೀತಮ್‌ನ ಕರೆಸಿಕೊಳ್ಳಲಿಲ್ವಾ?"

"ಕರೆದೆವು. ಅವನು ಬರಲಿಲ್ಲ." ಹಿಲ್ಡಾ ಬೆರಳಿಗೆ ಅಂಟಿದ್ದ ಸುಣ್ಣವನ್ನು ಸೀರೆಗೆ ತಾಗದ ಹಾಗೆ ಕೊಡವಿದಳು. "ಹನ್ನೆರಡು ವರ್ಷದ ಮಗು ಅಕ್ಕ, ಕಳಿಸುವಾಗ. ಏರ್‌ಪೋರ್ಟಲ್ಲಿ ಅತ್ತದ್ದು ನೋಡಬೇಕಿತ್ತು. ಈಗ ಫೋನ್ ಮಾಡಿದರೆ ಊಟ ಆಯ್ತಾ ಅಂತ ನಮ್ಮನ್ನೇ ಕೇಳುತ್ತಾನೆ. ನೆಂಟರನ್ನು ಕೇಳಿದ ಹಾಗೆ. ಕೇಳಿ, ಅಜ್ಜಿಗೆ ಫೋನ್ ಕೊಡುತ್ತಾನೆ."

ಉಷಾ ಕೈಯಲ್ಲಿದ್ದ ಚಹಾ ತಣ್ಣಗಾಗುತ್ತಿತ್ತು. ಎಲ್ಲ ಹೇಳಿಬಿಡಬೇಕೆಂದು ಅವಳು ಬಾಯಿ ತೆರೆದಳು. ಆಗ ಹಿಲ್ಡಾ ಅವಳ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಒಂದು ಹೇಳುತ್ತೇನೆ. ನೀವು ಬಂದು ಮಾತಾಡಿಸಲಿಲ್ಲ ಅಂತ ನನಗೆ ಬೇಜಾರು ಆದದ್ದು ಹೌದು. ಆದರೆ ಸರ್ ಬರೆದದ್ದು ನಿಮಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ನೀವು ಬಿಡುತ್ತಿರಲಿಲ್ಲ ಅಂತ ನಾನು ಇವರ ಹತ್ತಿರ ಎಷ್ಟು ಸಲ ವಾದ ಮಾಡಿದ್ದೇನೆ. ಉಷಕ್ಕ ಅಂಥವರಲ್ಲ ಅಂತ."

ಉಷಾ ಚಹಾ ಕುಡಿದಳು. ಒಂದೇ ಗುಟುಕಿಗೆ, ನಾಲಿಗೆಗೆ ರುಚಿ ತಾಗದಂತೆ. "ಹೂಂ" ಎಂದಳು. ಹಿಲ್ಡಾ ಇನ್ನೊಂದು ಮಂದಾಜಿ ತೆಗೆದುಕೊಳ್ಳಿ ಎಂದು ಬಲವಂತ ಮಾಡಿದಳು, ಅದನ್ನೂ ತಿಂದಳು.

ನಾಲ್ಕು ಗಂಟೆಯ ಹೊತ್ತಿಗೆ ಗಾಡಿ ಸಿದ್ಧವಾಯಿತು. ಹೊರಡುವಾಗ ಹಿಲ್ಡಾ ಕಿಟಕಿಯೊಳಗೆ ಕೈ ತೂರಿಸಿ ವರ್ಷಿಣಿಯ ಕೆನ್ನೆ ಮುಟ್ಟಿದಳು. ಡೆಂಜಿಲ್ ದೂರದಿಂದಲೇ ಕೈ ಎತ್ತಿದರು.

ಅಥಿ ನದಿಯ ಹತ್ತಿರ, ಕ್ಯಾರವಾನ್ ನಿಲ್ಲಿಸಲು ಜಾಗ ಕೊಡುವ ಒಂದು ತೋಟದಲ್ಲಿ ಅವರು ಇಳಿದುಕೊಂಡರು. ವರ್ಷಿಣಿ ಫೋನ್ ಹಿಡಿದುಕೊಂಡು ಜಿರಾಫೆ ನೋಡಲು ಬೇಲಿಯ ಕಡೆ ಹೋದಾಗ ಉಷಾ ಗಂಡನನ್ನು ಕೇಳಿದಳು.

"ಏನಂದ್ರು?"

"ತಪ್ಪಾಯ್ತು ಅಂದೆ. ಎಲ್ಲ ಹೇಳಿದೆ. ಕೇಳಿಸ್ಕೊಂಡ್ರು." ದ್ವಾರಕಾನಾಥ್ ಮಡಚುವ ಕುರ್ಚಿಯಲ್ಲಿ ಕುಗ್ಗಿ ಕುಳಿತಿದ್ದರು. "ನನಗೆ ಹೇಳಿ ಏನು ಬಂತು ಸರ್, ನನಗೆ ಮೊದಲೇ ಗೊತ್ತಿರುವುದೇ, ಅಂದ್ರು. ಮುಟುವಾಗೆ ಹೇಳಿ. ಐದು ವರ್ಷದಿಂದ ಅವನು ತಪ್ಪು ಈ ಡೆಂಜಿಲ್‌ದೇ ಅಂತ ತಿಳ್ಕೊಂಡಿದ್ದಾನೆ. ಆಸ್ಪತ್ರೆಗೆ ಮೂರು ಸಲ ಹೋದೆ, ಒಳಗೆ ಬಿಡ್ಲಿಲ್ಲ. ಅಷ್ಟು ಮಾಡಿ ಸಾಕು, ಅಂದ್ರು. ಮುಟುವಾ ಕಿಟೆಂಗೆಲಾದಲ್ಲಿ ಇದಾನಂತೆ. ಬಸ್ ಸ್ಟೇಜ್ ಹತ್ರ ಅಂಗಡಿ."

"ನನ್ನ ವಿಷಯ?"

"ಏನು ನಿನ್ನ ವಿಷಯ?"

"ನಾನು ಹೇಳಿದ್ದು. ಹಾಳೆ ಸುಟ್ಟಿದ್ದು."

"ಬರೆದಿದ್ದು ನಾನು, ಉಷಾ" ಎಂದರು ಅವರು. ಅದರಲ್ಲಿ ದೊಡ್ಡತನದ ದನಿ ಇರಲಿಲ್ಲ, ದಣಿವು ಇತ್ತು. ಐದು ವರ್ಷದಲ್ಲಿ ಅವರು ಒಂದು ಸಲವೂ ನಿನ್ನಿಂದ ಹೀಗಾಯಿತು ಎಂದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಉಷಾಗೆ ಅನ್ನಿಸಿತು.

ಕಿಟೆಂಗೆಲಾ ಅಂಬೋಸೆಲಿಯ ದಾರಿಯಲ್ಲೇ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಮುಟುವಾನ ಅಂಗಡಿ ಸಿಕ್ಕಿತು. ಹಸಿರು ಬಣ್ಣ ಬಳಿದ ಚಿಕ್ಕ ಡಬ್ಬಿಯಂಗಡಿ, ಮೊಬೈಲಿಗೆ ದುಡ್ಡು ಹಾಕುವುದು, ಚಾರ್ಜರ್, ಇಯರ್‌ಫೋನ್. ಕೌಂಟರಿನ ಹಿಂದೆ ಕುಳಿತಿದ್ದವನ ಅಂಗಿಯ ಕಾಲರಿನ ಮೇಲೆ ಕುತ್ತಿಗೆಯ ಚರ್ಮ ಸುಕ್ಕಾಗಿ ಹೊಳೆಯುತ್ತಿತ್ತು. ಎಡಗೈ ಪೂರ್ತಿ ಚಾಚುತ್ತಿರಲಿಲ್ಲ.

"ಬಾಸ್!" ಎಂದು ಅವನು ಎದ್ದು ನಿಂತ. ಖುಷಿಯಾಗಿತ್ತು ಅವನಿಗೆ. ಆಸ್ಪತ್ರೆಯಲ್ಲಿದ್ದಾಗ ದ್ವಾರಕಾನಾಥ್ ಹಣ್ಣು ತೆಗೆದುಕೊಂಡು ಹೋಗುತ್ತಿದ್ದರು, ಅವರನ್ನು ಒಳಗೆ ಬಿಡುತ್ತಿದ್ದರು. ಅದನ್ನು ನೆನೆದು ಮುಟುವಾ ಎರಡೆರಡು ಸಲ "ಅಸಾಂಟೆ" ಎಂದು ಧನ್ಯವಾದ ಹೇಳಿದ.

ದ್ವಾರಕಾನಾಥ್ ಕಾರ್ಖಾನೆಯಲ್ಲಿ ಕಲಿತ ಸ್ವಾಹಿಲಿಯಲ್ಲಿ, ತಡವರಿಸದೆ, ಹೇಳಿಬಿಟ್ಟರು. ಡೆಂಜಿಲ್ ಬೇಡ ಎಂದಿದ್ದರು. ಶುರು ಮಾಡಿ ಎಂದದ್ದು ನಾನು. ಪರೀಕ್ಷೆ ಆಗಿದೆ ಎಂದು ಅವರು ಹೇಳಿರಲಿಲ್ಲ. ನಾನು ಸುಳ್ಳು ಬರೆದೆ. ವರ್ಷಿಣಿ ಚಾರ್ಜರ್ ಆರಿಸುತ್ತಿದ್ದವಳು ತಟ್ಟನೆ ತಿರುಗಿ ನೋಡಿದಳು.

ಗಿರಾಕಿಯೊಬ್ಬ ಬಂದ, ಅವನನ್ನು ಮುಟುವಾ ಕೈಸನ್ನೆಯಿಂದಲೇ ಆಚೆ ಕಳಿಸಿದ. ಆಮೇಲೆ, "ಯಾಕೆ?" ಎಂದು ಕೇಳಿದ. "ನಿಮಗೆ ಅವರ ಮೇಲೆ ದ್ವೇಷ ಇತ್ತೇ?"

"ಇಲ್ಲ."

"ಮತ್ತೆ?"

ಉಷಾ ಮುಂದೆ ಬಂದು ಕೌಂಟರಿನ ಅಂಚು ಹಿಡಿದುಕೊಂಡಳು. ಅವಳಿಗೆ ಬರುತ್ತಿದ್ದದ್ದು ಮಾರ್ಕೆಟ್ಟಿನ ಸ್ವಾಹಿಲಿ, ಹಿಲ್ಡಾ ಕಲಿಸಿದ್ದು. ಬೆಲೆ ಕೇಳಲು, ಬೇಡ ಎನ್ನಲು, ನಾಳೆ ಬಾ ಎನ್ನಲು ಆಗುವಷ್ಟು. ಅದರಲ್ಲೇ ಮಾತು ಹೊಂದಿಸಿ ಹೇಳಿದಳು. ಇವರು ನಿಜ ಬರೆದಿದ್ದರು, ನಾನು ಬೇಡ ಎಂದೆ. ಆ ಕಾಗದವನ್ನು ನಾನು ಸುಟ್ಟೆ.

ಮುಟುವಾ ಅವಳ ಮುಖ ನೋಡಿದ. "ಡೆಂಜಿಲ್ ಆಸ್ಪತ್ರೆಗೆ ಬಂದಾಗ ನಮ್ಮಮ್ಮ ಅವರ ಕಿತ್ತಳೆ ಹಣ್ಣನ್ನು ಬೀದಿಗೆ ಎಸೆದಳು" ಎಂದ. "ಎಸೆ ಎಂದು ಹೇಳಿದ್ದು ನಾನು. ಅಮ್ಮ ತೀರಿಕೊಂಡಳು, ಹೋದ ವರ್ಷ. ಸಾಯುವ ತನಕ ಅವರನ್ನು ಶಪಿಸುತ್ತಿದ್ದಳು." ಆಮೇಲೆ ಕೌಂಟರಿನ ಮೇಲಿದ್ದ ಕಾಗದ, ಪೆನ್ನು ಮುಂದಕ್ಕೆ ತಳ್ಳಿದ. "ಅವರ ನಂಬರ್ ಬರೆದುಕೊಡಿ."

ದ್ವಾರಕಾನಾಥ್ ಬರೆದುಕೊಟ್ಟರು. ಮುಟುವಾ ಅಲ್ಲಿಯೇ ನಿಂತು ಫೋನ್ ಮಾಡಿದ. "ಮ್ಜೀ, ನಾನು ಮುಟುವಾ" ಎಂದದ್ದಷ್ಟೇ ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಅವನು ಬೆನ್ನು ತಿರುಗಿಸಿಕೊಂಡ, ಸುಟ್ಟ ಕೈಯಿಂದ ಮುಖ ಒರೆಸಿಕೊಂಡ. ಇವರು ಮೂವರೂ ಬಿಸಿಲಿನಲ್ಲಿ ನಿಂತಿದ್ದರು. ಹೋಗಿ ಎಂದು ಅವನೂ ಹೇಳಲಿಲ್ಲ, ಇರಿ ಎಂದೂ ಹೇಳಲಿಲ್ಲ. ಇಬ್ಬರ ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ದ್ವಾರಕಾನಾಥ್ ಕಾರಿನ ಕಡೆ ನಡೆದರು.

ಉಷಾ ಕಾರು ಹತ್ತುವ ಮೊದಲು ಹಿಲ್ಡಾಗೆ ಫೋನ್ ಮಾಡಿದಳು. ಬೇರೆಯವರ ಬಾಯಿಂದ ಅವಳಿಗೆ ತಲುಪುವ ಮೊದಲು ತಾನೇ ಹೇಳಬೇಕಿತ್ತು. ರಿಂಗ್ ಆಗಿ ಆಗಿ ನಿಂತಿತು. ಎರಡನೆಯ ಸಲ ಹಿಲ್ಡಾ ಎತ್ತಿದಳು. ಹಿಂದೆ ಮೆಷಿನ್ನುಗಳ ಸದ್ದು.

"ಹಿಲ್ಡಾ, ನಿನ್ನೆ ನಾನು ಹೂಂ ಅಂದೆನಲ್ಲ. ಅದು ಸುಳ್ಳು. ನನಗೆ ಗೊತ್ತಿತ್ತು. ಬರೀರಿ ಅಂತ ಹೇಳಿದ್ದೇ ನಾನು."

"ನಿನ್ನೆ ಚಹಾ ಕುಡಿಯುವಾಗ ಹೇಳಬಹುದಿತ್ತು ಅಕ್ಕ" ಎಂದಳು ಹಿಲ್ಡಾ. ಸಿಟ್ಟಿರಲಿಲ್ಲ. "ಇಡುತ್ತೇನೆ. ಕೆಲಸ ಉಂಟು."

ಅಂಬೋಸೆಲಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ದ್ವಾರಕಾನಾಥ್ ಗಾಡಿಯನ್ನು ನೈರೋಬಿಯ ಕಡೆ ತಿರುಗಿಸಿದರು. ಉದ್ದನೆಯ ಲಾರಿಗಳ ಸಾಲಿನ ಹಿಂದೆ ಮೆಲ್ಲಗೆ ಸಾಗುವಾಗ ವರ್ಷಿಣಿ ಕೇಳಿದಳು. ಅಪರೂಪಕ್ಕೆ ಕನ್ನಡದಲ್ಲಿ.

"ಪ್ರೀತಮ್ ಹೇಳದೆ ಹೋದ ಅಂತ ನಾನು ಎಷ್ಟು ಅತ್ತೆ ಅಮ್ಮ ಆವಾಗ. ನೀನು ನನ್ನ ಪಕ್ಕ ಕೂತು ಕಣ್ಣು ಒರೆಸಿದೆ. ನಿಂಗೆ ಗೊತ್ತಿತ್ತು."

"ಗೊತ್ತಿತ್ತು."

"ಯಾಕೆ ಹಾಗ್ ಮಾಡ್ದೆ?"

ಉತ್ತರ ಉಷಾಳ ಬಾಯಲ್ಲಿ ಐದು ವರ್ಷದಿಂದ ಸಿದ್ಧವಾಗಿತ್ತು. ನಿನ್ನ ಸ್ಕೂಲು, ನಿನ್ನ ಭವಿಷ್ಯ, ನಿನಗೋಸ್ಕರ. ಕನ್ನಡಿಯಲ್ಲಿ ಮಗಳ ಮುಖ ಕಂಡಿತು. ಆ ಉತ್ತರ ಎಲ್ಲಿ ಬಂದುಬಿಡುತ್ತದೋ ಎಂದು ಮಗಳು ಹೆದರಿಕೊಂಡೇ ಕಾಯುತ್ತಿದ್ದಂತಿತ್ತು.

"ನಂಗೆ ಭಯ ಆಗಿತ್ತು" ಎಂದಳು ಉಷಾ. "ಅಷ್ಟೇ. ನಂಗೆ ಭಯ ಆಗಿತ್ತು."

ವರ್ಷಿಣಿ ಕಿಟಕಿಯ ಕಡೆ ತಿರುಗಿದಳು. ಸೌತ್ ಸಿ ತಲುಪಿದ ಮೇಲೆ ಮನೆ ಮುಂದೆ ಇಳಿದು, ತನ್ನ ಬ್ಯಾಗು ತಾನೇ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು.